ತೆಂಗಿನ ಸೀಮೆಗೆ ಹಾರ್ಮೋನಿಯಂ ಬಂದ ಕಥೆ

ರಾಗಿ ಕಣ ಮುಗಿದು ಚಳಿ ಇಳಿಯುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಟೀ ಅಂಗಡಿಗಳ ಗೋಡೆಯ ಮೇಲೆ ಬಣ್ಣಬಣ್ಣದ ನಾಟಕದ ಕರಪತ್ರಗಳು ಕಾಣಿಸತೊಡಗುತ್ತವೆ. ಮೇಲ್ಗಡೆ ಊರ ದೇವರ ಹೆಸರು, ಅದಕ್ಕೆ ಹೊಂದಿಕೊಂಡು ‘ಕೃಪಾಪೋಷಿತ ನಾಟಕ ಮಂಡಳಿ’. ನಡುವೆ ದಪ್ಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಅದರ ಕೆಳಗೆ ಸಾಲುಸಾಲಾಗಿ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಫೋಟೊದಡಿ ಹೆಸರು, ಹೆಸರಿನ ಪಕ್ಕ ಪಾತ್ರ. ದುರ್ಯೋಧನನಾಗುವವರು ತೆಂಗಿನ ತೋಟದ ಯಜಮಾನರಿರಬಹುದು, ಭೀಮನಾಗುವವರು ಲೈನ್‌ಮನ್, ಶಕುನಿಯಾಗುವವರು ಹಾಲಿನ ಡೇರಿಯ ಕಾರ್ಯದರ್ಶಿ. ಇವರಲ್ಲಿ ಸಂಗೀತವನ್ನೇ ನಂಬಿ ಬದುಕುವವರು ಯಾರೂ ಇಲ್ಲ. ಆದರೂ ರಾತ್ರಿ ಒಂಬತ್ತಕ್ಕೆ ಪರದೆ ಎದ್ದರೆ ಬೆಳಗಿನ ಜಾವದವರೆಗೆ ಹಾಡೇ ಹಾಡು. ಕರಪತ್ರದ ಕೊನೆಗೆ, ಎಲ್ಲರಿಗಿಂತ ಗೌರವದ ಜಾಗದಲ್ಲಿ, ಇನ್ನೊಂದು ಹೆಸರಿರುತ್ತದೆ. ಅದು ಹಾರ್ಮೋನಿಯಂ ಮೇಷ್ಟ್ರದು.

ಈ ಹಳ್ಳಿ ಮಂಡಳಿಗಳ ಹಿಂದೆ ಸುಮಾರು 140 ವರ್ಷಗಳ ಕಥೆಯಿದೆ. ಅದು ಶುರುವಾದದ್ದು ಪಕ್ಕದ ಗುಬ್ಬಿಯಲ್ಲಿ. ಹಾಗೆಂದು ಅದಕ್ಕೂ ಮೊದಲು ಈ ಸೀಮೆಯಲ್ಲಿ ಹಾಡು ಇರಲಿಲ್ಲ ಎಂದಲ್ಲ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದರ ಮಂಟಪದ ಚಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಜೊತೆಗೆ ವಾದ್ಯದವರಿದ್ದಾರೆ, ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಕಲ್ಲಿನಲ್ಲಿ ಕಂಡ ಮೇಳ ಊರೊಳಗೆ ಬೇರೆ ಬೇರೆ ರೂಪದಲ್ಲಿ ಬಾಳಿತು. ಧನುರ್ಮಾಸದ ನಸುಕಿನಲ್ಲಿ ತಾಳ ಹಿಡಿದು ಬೀದಿ ಸುತ್ತುವ ಭಜನೆ, ಶ್ರಾವಣ ಶನಿವಾರದ ರಾತ್ರಿ ರಾಮಮಂದಿರದ ಭಜನೆ, ಹಬ್ಬಗಳಲ್ಲಿ ಗಂಡಸರ ಕೋಲಾಟ, ಮದುವೆ ಮನೆಯ ಹೆಂಗಸರ ಸೋಬಾನೆ, ರಾಗಿಕಲ್ಲಿನ ಮುಂದೆ ಕೂತವರ ಬೀಸೋ ಪದ. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರ ಗಣೆ ಇತ್ತು. ಎದೆಯುದ್ದದ ಆ ಬಿದಿರಿನ ಕೊಳಲನ್ನು ಬರೀ ರಂಜನೆಗೆಂದು ಎತ್ತುವಂತಿಲ್ಲ. ಕುಲವೀರ ಜುಂಜಪ್ಪನ ಕಥೆಗೆ, ದೇವರ ಕಾರ್ಯಕ್ಕೆ ಮಾತ್ರ ಅದು ಬಾಯಿಗೆ ಬರುತ್ತದೆ. ಗ್ರಾಮದೇವತೆಯ ಜಾತ್ರೆಗಳಲ್ಲಿ ಆಳೆತ್ತರದ ಸೋಮಗಳು ಕುಣಿದರೆ ಅವಕ್ಕೆ ಅರೆ, ಡೋಲು, ಮೌರಿಯ ಹಿಮ್ಮೇಳ.

ಊರಿನವರೇ ಕಟ್ಟಿ ಆಡುತ್ತಿದ್ದ ದೊಡ್ಡ ಆಟವೆಂದರೆ ಮೂಡಲಪಾಯ. ಕರಾವಳಿಯ ಯಕ್ಷಗಾನ ಪಡುವಲಪಾಯವಾದರೆ ಬಯಲುಸೀಮೆಯದು ಮೂಡಲಪಾಯ. ರೈತರೇ ವೇಷ ಕಟ್ಟುತ್ತಿದ್ದರು. ಊರಿನ ಭಾಗವತರೇ ಗುರು. ಮದ್ದಲೆ, ತಾಳಗಳ ಜೊತೆಗೆ ಈ ಆಟಕ್ಕೆ ವಿಶಿಷ್ಟವಾದ ಮುಖವೀಣೆಯ ಏರುದನಿ. ಸುಗ್ಗಿಯಾದ ಮೇಲೆ ತಾಲೀಮು, ಬೇಸಗೆಯ ಬಯಲಲ್ಲಿ ರಾತ್ರಿಯಿಡೀ ‘ಕರಿಭಂಟನ ಕಾಳಗ’, ‘ಪ್ರಹ್ಲಾದ ಚರಿತ್ರೆ’. ಊರವರೇ ಕಲಿತು ಊರಿಗಾಗಿ ಆಡುವುದು, ಕಲಿಸಲು ಒಬ್ಬ ಗುರುವನ್ನು ಇಟ್ಟುಕೊಳ್ಳುವುದು, ಖರ್ಚನ್ನು ಊರೇ ಹೊರುವುದು ಈ ಸೀಮೆಗೆ ಹೊಸದಾಗಿರಲಿಲ್ಲ. ಮುಂದೆ ಬಂದ ಹಾರ್ಮೋನಿಯಂ ಹಸನಾದ ನೆಲಕ್ಕೇ ಬಿತ್ತು.

ಈ ಮೇಳಗಳಲ್ಲಿ ಎಲ್ಲರೂ ಒಂದೇ ಸಮನಾಗಿ ಕೂತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಭಜನೆಯವರು ಮಂದಿರದ ಒಳಗಿದ್ದರು, ತಮಟೆಯವರು ಹೊರಗೆ. ಜಾತ್ರೆ, ಮೆರವಣಿಗೆ, ಸಾವು ಯಾವುದೂ ತಮಟೆಯಿಲ್ಲದೆ ನಡೆಯುತ್ತಿರಲಿಲ್ಲ. ಬಡಿಯುವವರಿಗೆ ಮಾತ್ರ ಅದು ಹುಟ್ಟಿನಿಂದ ಅಂಟಿಬಂದ ಬಿಟ್ಟಿ ಚಾಕರಿಯಾಗಿತ್ತು. ಹವ್ಯಾಸಕ್ಕೆ ಹಾಡುವ ಸುಖ ಊರಿನ ಒಂದು ಭಾಗಕ್ಕಷ್ಟೇ ದಕ್ಕಿತ್ತು.

1880ರ ದಶಕದಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಒಟ್ಟಿಗೇ ನಡೆದವು. ಒಂದು, ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ರೈಲು ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹರಿಹರದತ್ತ ಸಾಗಿತು. ತಿಪಟೂರಿನ ಕೊಬ್ಬರಿಗೆ ದೂರದ ಪೇಟೆಗಳ ದಾರಿ ತೆರೆಯಿತು. ಇನ್ನೊಂದು, 1884ರಲ್ಲಿ ಗುಬ್ಬಿಯಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಗೆಳೆಯರು ಸೇರಿ ಒಂದು ನಾಟಕ ಸಂಘ ಕಟ್ಟಿದರು. ಊರ ದೇವರ ಹೆಸರಿನಲ್ಲಿ ಅದು ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’ವಾಯಿತು. ಮೊದಲಿಗೆ ಅವರೂ ಹವ್ಯಾಸಿಗಳೇ. ಊರಲ್ಲಿ ಆಡಿ, ಸುತ್ತಲ ಊರುಗಳಲ್ಲಿ ಆಡಿ, ಜನ ಮೆಚ್ಚಿದ ಮೇಲೆ ಅದು ವೃತ್ತಿ ಕಂಪನಿಯಾಯಿತು. ಬಾಲಕನಾಗಿ ಸೇರಿದ ವೀರಣ್ಣ ಮುಂದೆ ಅದರ ಒಡೆಯರಾಗಿ, ಕರ್ನಾಟಕದಲ್ಲೆಲ್ಲ ಅದನ್ನು ‘ಗುಬ್ಬಿ ಕಂಪನಿ’ ಎಂದೇ ಹೆಸರು ಮಾಡಿಸಿದರು. ತೆಂಗಿನ ಸೀಮೆಯ ಇಂದಿನ ಕರಪತ್ರಗಳಲ್ಲಿ ಕಾಣುವ ‘ಕೃಪಾಪೋಷಿತ’ ಆ ಕಾಲದ ಕಂಪನಿಗಳ ಬಳುವಳಿ.

ಹಾಡು ತುಂಬಿದ ರಂಗನಾಟಕ ಆಗ ಎಲ್ಲೆಡೆ ಹೊಸ ಗಾಳಿ. ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ‘ಶಾಕುಂತಲ’ 1880ರಲ್ಲಿ ರಂಗಕ್ಕೆ ಬಂತು. ಮರಾಠಿ, ಪಾರ್ಸಿ ಕಂಪನಿಗಳು ಮೈಸೂರು ಸಂಸ್ಥಾನಕ್ಕೂ ಬಂದುಹೋದವು. ಚಾಮರಾಜೇಂದ್ರ ಒಡೆಯರ ಆಶ್ರಯದ ಅರಮನೆ ನಾಟಕ ಮಂಡಳಿಗೆ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನನ್ನು ಕನ್ನಡಕ್ಕೆ ತಂದರು. ಈ ಗಾಳಿಯ ಜೊತೆ ತೇಲಿಬಂದದ್ದು ಹಾರ್ಮೋನಿಯಂ. ಪ್ಯಾರಿಸ್‌ನ ಅಲೆಕ್ಸಾಂದ್ರ್ ದೆಬ್ಯಾಂ 1840ರ ದಶಕದ ಆರಂಭದಲ್ಲಿ ಹಕ್ಕುಪತ್ರ ಪಡೆದ ವಾದ್ಯ ಅದು. ಚರ್ಚುಗಳಲ್ಲಿ, ಸಿರಿವಂತರ ಮನೆಗಳಲ್ಲಿ ಕುರ್ಚಿ ಹಾಕಿಕೊಂಡು ಕಾಲಿನಿಂದ ಒತ್ತಿ ನುಡಿಸುತ್ತಿದ್ದ ಆ ಪೆಟ್ಟಿಗೆಯನ್ನು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವಂತೆ ಮಾರ್ಪಡಿಸಿದವರು 1870ರ ದಶಕದ ಕಲ್ಕತ್ತೆಯ ದ್ವಾರಕಾನಾಥ ಘೋಷ್.

ಹಳ್ಳಿಯವರಿಗೆ ಅದು ಏಕೆ ಹಿಡಿಸಿತು? ಮುಖವೀಣೆಗೆ ಉಸಿರುಕಟ್ಟಿ ಊದುವ ವರ್ಷಾನುಗಟ್ಟಲೆಯ ಸಾಧನೆ ಬೇಕು, ಪಿಟೀಲಿಗೆ ತಂತಿ ಶ್ರುತಿ ಮಾಡುವ ಕಿವಿ ಬೇಕು, ವೀಣೆಯ ದನಿ ಬಯಲಲ್ಲಿ ಕೇಳುವುದಿಲ್ಲ. ಹಾರ್ಮೋನಿಯಂ ಹಾಗಲ್ಲ. ಮನೆ ಒತ್ತಿದರೆ ಸ್ವರ ಬರುತ್ತದೆ, ಮಳೆಗಾಲಕ್ಕೂ ಬೇಸಗೆಗೂ ಒಂದೇ ಸ್ವರ. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಂಗೀತ ಕಲಿಯದ ಗಂಟಲಿಗೆ ಅದು ಊರುಗೋಲು. ಹಾಡುವವನು ಎಲ್ಲಿ ಜಾರುತ್ತಾನೋ ಅಲ್ಲಿ ಪೆಟ್ಟಿಗೆಯ ದನಿ ಅವನನ್ನು ಎತ್ತಿ ನಿಲ್ಲಿಸುತ್ತದೆ. ನಾಟಕಕ್ಕೆಂದೇ ಬಂದ ಕಾಲು ಹಾರ್ಮೋನಿಯಂನಲ್ಲಿ ತಿದಿಯನ್ನು ಕಾಲಿಂದ ತುಳಿಯುವುದರಿಂದ ಎರಡು ಕೈಗಳೂ ಬಿಡುವಾಗುತ್ತವೆ, ದನಿ ಇಮ್ಮಡಿಯಾಗುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಗ್ಯಾಸ್‌ಲೈಟಿನ ಬೆಳಕಿನಾಚೆ ಕತ್ತಲಲ್ಲಿ ಕೂತವರಿಗೂ ಅದು ಕೇಳುತ್ತಿತ್ತು.

ಕಂಪನಿಗಳು ಊರೂರಿಗೆ ಹೋಗಿ ಟೆಂಟ್ ಹಾಕಿದವು. ಸಂತೆಗೆಂದು ಪೇಟೆಗೆ ಬಂದವರು ರಾತ್ರಿ ಉಳಿದು ನಾಟಕ ನೋಡಿದರು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ವನ್ನು ಬಿ. ಪುಟ್ಟಸ್ವಾಮಯ್ಯ ಬರೆದರು. ರಂಗದ ಮೇಲೆ ನಿಜವಾದ ಆನೆ, ಕುದುರೆಗಳು ಬಂದವೆಂಬ ಸುದ್ದಿಯೇ ಜನರನ್ನು ಎಳೆದು ತಂದಿತು. ಆನೆ ಕುದುರೆ ಕಂಪನಿಯ ಜೊತೆಗೇ ಹೊರಟುಹೋದವು. ಊರಿಗೆ ಬಂದದ್ದು ಹಾಡು. ಬೆಂಗಳೂರು ಚಿಕ್ಕಪೇಟೆಯ ಅಂಗಡಿಗಳಲ್ಲಿ, ಜಾತ್ರೆಯ ಬೀದಿಗಳಲ್ಲಿ ನಾಟಕದ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದವು. ಗ್ರಾಮಫೋನ್ ತಟ್ಟೆಗಳು ಬಂದ ಮೇಲೆ ಹೆಸರಾಂತ ನಟರ ದನಿಯೇ ಊರಿಗೆ ಬಂತು. ಮೊದಲೆಲ್ಲ ಕಂಪನಿ ನೋಡಿಬಂದವನು ಹೊಲದಲ್ಲಿ ಗುನುಗುತ್ತಿದ್ದ. ಆಮೇಲೆ ನಾಲ್ಕಾರು ಮಂದಿ ಸೇರಿ ತಾವೇ ಯಾಕೆ ಆಡಬಾರದು ಎಂದುಕೊಂಡರು.

ಈ ಸೀಮೆಯಿಂದ ಕಂಪನಿಗೆ ಹೋದವರೂ ಇದ್ದರು. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಟಿ.ಆರ್. ನರಸಿಂಹರಾಜು ಎಳವೆಯಲ್ಲೇ ಬಣ್ಣ ಹಚ್ಚಿ ಕಂಪನಿಗಳಲ್ಲಿ ಬೆಳೆದರು. ಗುಬ್ಬಿ ಕಂಪನಿಯ ರಂಗ ಹತ್ತಿ, 1954ರ ‘ಬೇಡರ ಕಣ್ಣಪ್ಪ’ದಿಂದ ಕನ್ನಡ ಚಿತ್ರರಂಗದ ಹಾಸ್ಯಚಕ್ರವರ್ತಿಯಾದರು. ಅದೇ ಚಿತ್ರದ ನಾಯಕ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಇಂಥವರ ಹೆಸರು ಚರಿತ್ರೆಯಲ್ಲಿ ನಿಂತಿದೆ. ಕಂಪನಿ ಸೊರಗಿದಾಗ, ವಯಸ್ಸಾದಾಗ, ಮನೆ ನೆನಪಾದಾಗ ಊರಿಗೆ ಮರಳಿದವರ ಹೆಸರು ಅಲ್ಲಿಲ್ಲ. ಅವರ ಬಳಿ ಉಳಿದದ್ದು ಒಂದು ಹಾರ್ಮೋನಿಯಂ, ತಲೆಯಲ್ಲಿ ನೂರಾರು ಮಟ್ಟುಗಳು. ಅವರೇ ಹಳ್ಳಿಗಳ ಮೊದಲ ನಾಟಕದ ಮೇಷ್ಟ್ರುಗಳಾದರು.

ಮೇಷ್ಟ್ರು ಊರಿಗೆ ಬಂದು ಎರಡು ಮೂರು ತಿಂಗಳು ತಂಗುವುದು ವಾಡಿಕೆ. ಊಟ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ. ಹಗಲೆಲ್ಲ ಕಾಯಿ ಕಿತ್ತು, ಮಟ್ಟೆ ಸುಲಿದು, ದನಕ್ಕೆ ಹುಲ್ಲು ಹಾಕಿ ಬಂದವರು ರಾತ್ರಿ ಉಂಡು ರಾಮಮಂದಿರದಲ್ಲೋ ಶಾಲೆಯಲ್ಲೋ ಸೇರುತ್ತಾರೆ. ಮೊದಲ ವಾರ ಮೇಷ್ಟ್ರು ಪಾರ್ಟನ್ನೇ ಹಂಚುವುದಿಲ್ಲ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಅವರ ಕಂಠ ಯಾವ ಮನೆಗೆ ಕೂರುತ್ತದೆ, ಬಿಳಿಯೋ ಕರಿಯೋ, ಎಂದು ನೋಡುತ್ತಾರೆ. ಓದು ಬಾರದವನಿಗೆ ಸಾಲುಸಾಲಾಗಿ ಬಾಯಿಪಾಠ. ಕಂದ ಪದ್ಯವನ್ನು ತಾಳವಿಲ್ಲದೆ ಉಸಿರು ಹಿಡಿದು ಎಳೆಯಬೇಕು. ಅದು ಮುಗಿಯುವ ಜಾಗದಲ್ಲಿ ತಬಲಾ ಎತ್ತಿಕೊಂಡಾಗ ಹಾಡಿಗೆ ತಪ್ಪದೆ ಇಳಿಯಬೇಕು. ಆ ತಿರುವಿನಲ್ಲೇ ಹೊಸಬರು ಎಡವುವುದು. ಅದೊಂದು ಸಾಲನ್ನು ಮೇಷ್ಟ್ರು ಇಪ್ಪತ್ತು ಸಲ ಹೇಳಿಸುತ್ತಾರೆ. ಕಲ್ಯಾಣಿ, ಮೋಹನ, ಹಿಂದೋಳ, ಭೀಮಪಲಾಸ್ ಎಂಬ ಹೆಸರುಗಳು ಹೀಗೆ ಸಂಗೀತ ಶಾಲೆಯ ಮೆಟ್ಟಿಲು ಹತ್ತದವರ ನಾಲಗೆಗೂ ಬಂದವು. ಕೃಷ್ಣನ ಸಂಧಾನ ಯಾವ ರಾಗದಲ್ಲಿರಬೇಕು, ಕರ್ಣನ ಅಳಲು ಯಾವುದರಲ್ಲಿ ಎಂದು ಜಗುಲಿಯ ಮೇಲೆ ವಾದ ಮಾಡುವ ಕೇಳುಗರು ಈ ತಾಲೀಮಿನಿಂದಲೇ ಹುಟ್ಟಿದರು.

ಇದೇ ಕಾಲಕ್ಕೆ ನಗರದ ಹವ್ಯಾಸಿಗಳು ಬೇರೆಯೇ ದಾರಿ ಹಿಡಿದಿದ್ದರು. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿತು. ಮುಂದೆ ಟಿ.ಪಿ. ಕೈಲಾಸಂ ಅವರ ನಾಟಕಗಳು ಬಂದು ಮಧ್ಯಮವರ್ಗದ ಮನೆಯ ಮಾತು ರಂಗಕ್ಕೇರಿತು, ಹಾಡು ಹಿಂದಕ್ಕೆ ಸರಿಯಿತು. ಓದಿದವರ ಲೆಕ್ಕದಲ್ಲಿ ಹವ್ಯಾಸಿ ರಂಗಭೂಮಿಯೆಂದರೆ ಅದೇ. ರಾತ್ರಿಯಿಡೀ ಪದ್ಯ ಎಳೆಯುವ ಹಳ್ಳಿಯವರನ್ನು ಆ ಲೆಕ್ಕಕ್ಕೆ ಹಿಡಿದವರು ಕಡಿಮೆ. ಆದರೆ ಹೊಟ್ಟೆಪಾಡಿಗಲ್ಲದೆ, ಕೈಯಿಂದ ದುಡ್ಡು ಹಾಕಿ, ಪ್ರೀತಿಯಿಂದ ಆಡುವವರನ್ನೇ ಹವ್ಯಾಸಿಗಳೆನ್ನುವುದಾದರೆ ತುಮಕೂರು, ಹಾಸನ, ಮಂಡ್ಯದ ಹಳ್ಳಿಗಳಲ್ಲಿದ್ದಷ್ಟು ಹವ್ಯಾಸಿಗಳು ಯಾವ ನಗರದಲ್ಲೂ ಇರಲಿಲ್ಲ.

ವಿದ್ವಾಂಸರು ಹಾರ್ಮೋನಿಯಂ ಅನ್ನೂ ಒಪ್ಪಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬಾರದು, ಅದರ ಶ್ರುತಿಯ ಅಳತೆ ಪಾಶ್ಚಾತ್ಯರದು ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರಿಗೂ ಅದು ಒಗ್ಗದ ವಾದ್ಯ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು, ಸುಮಾರು ಮೂರು ದಶಕ ತೆರೆಯಲಿಲ್ಲ. ಆಕ್ಷೇಪದಲ್ಲಿ ಹುರುಳಿತ್ತು, ಪೆಟ್ಟಿಗೆಯ ಸ್ವರಗಳ ನಡುವೆ ಸೇತುವೆ ಇಲ್ಲ, ನಿಜ. ಆ ಸೇತುವೆಯನ್ನು ಹಳ್ಳಿಯ ಮೇಷ್ಟ್ರುಗಳು ಹಾಡುವವನ ಗಂಟಲಿನಲ್ಲಿ ಕಟ್ಟಿಸುತ್ತಿದ್ದರು. ಪೆಟ್ಟಿಗೆ ಆಧಾರ ಕೊಡಲಿ, ಎಳೆತ ನಿನ್ನದಿರಲಿ ಎಂಬುದು ಅವರ ಪಾಠದ ಕ್ರಮ. ರೇಡಿಯೊದಲ್ಲಿ ಹಾರ್ಮೋನಿಯಂ ಕೇಳದ ಆ ಮೂವತ್ತು ವರ್ಷವೂ ಹಳ್ಳಿಯ ರಂಗದ ಮೇಲೆ ಅದು ಒಂದು ಸುಗ್ಗಿಗೂ ತಪ್ಪದೆ ಮೊಳಗಿತು.

ನಾಟಕವೆಂದರೆ ದುಡ್ಡಿನ ಬಾಬತ್ತು. ಅದಕ್ಕೆ ಹಳ್ಳಿಗಳು ಕಂಡುಕೊಂಡ ಉಪಾಯ ವಿಚಿತ್ರವೂ ಹೌದು, ಗಟ್ಟಿಯೂ ಹೌದು. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣರಿಗೆ ಹೆಚ್ಚು, ವಿದುರ ಸಾತ್ಯಕಿಯರಿಗೆ ಕಡಿಮೆ. ಕೃಷ್ಣನ ಪಾರ್ಟಿಗೆ ಇಬ್ಬರು ಮೂವರು ಮುಂದೆ ಬಂದರೆ ಪಾತ್ರವನ್ನೇ ಹಂಚಿ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಮಾಡುವುದುಂಟು. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಮೈಕ್ ಸೆಟ್ಟು, ದ್ರೌಪದಿ, ಕುಂತಿ, ರುಕ್ಮಿಣಿಯರಾಗಿ ಹಾಡಲು ಬರುವ ವೃತ್ತಿ ಕಲಾವಿದೆಯರ ಸಂಭಾವನೆ ಎಲ್ಲಕ್ಕೂ ಈ ಹಣ. ತೆಂಗಿನ ಸೀಮೆಯಲ್ಲಿ ಇದಕ್ಕೊಂದು ಅನುಕೂಲವಿತ್ತು. ಇಲ್ಲಿ ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರಿಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವ ತನಕ ಕಾದು, ಸುಲಿದು ಉಂಡೆ ಕೊಬ್ಬರಿ ಮಾಡುತ್ತಾರೆ. ಬೇಕೆಂದಾಗ ಪೇಟೆಗೆ ಹಾಕಿದರೆ ಕೈಗೆ ಒಟ್ಟಿಗೆ ರೊಕ್ಕ. ಮಗಳ ಮದುವೆ, ಮಗನ ಓದು, ಬೋರ್‌ವೆಲ್ಲಿನ ಸಾಲದ ಜೊತೆಗೆ ಪಾರ್ಟಿನ ದುಡ್ಡೂ ಅಟ್ಟದಿಂದ ಇಳಿಯುತ್ತಿತ್ತು. ಕೊಬ್ಬರಿ ಬೆಲೆ ಬಿದ್ದ ವರ್ಷ ಅದೇ ಕಾರಣಕ್ಕೆ ತಾಲೀಮಿಗೂ ಹಿನ್ನಡೆ.

ನಾಟಕದ ರಾತ್ರಿ ನಂಟರೆಲ್ಲ ಊರಿಗೆ ಬರುತ್ತಾರೆ. ದುರ್ಯೋಧನ ಒಂದು ಪದ್ಯ ಮುಗಿಸಿ ನಿಂತರೆ ಭಾವಮೈದುನ ರಂಗ ಹತ್ತಿ ನೋಟಿನ ಹಾರ ಹಾಕುತ್ತಾನೆ. ‘ಒನ್ಸ್ ಮೋರ್’ ಕೂಗು ಬಿದ್ದರೆ ಯುದ್ಧವೇ ನಿಂತು ಪದ್ಯ ಮತ್ತೊಮ್ಮೆ ಆಗುತ್ತದೆ. ಕಥೆ ಎಲ್ಲರಿಗೂ ಗೊತ್ತು, ಯಾರು ಗೆಲ್ಲುತ್ತಾರೆಂದು ತಿಳಿಯಲು ಯಾರೂ ಬಂದಿರುವುದಿಲ್ಲ. ತಮ್ಮೂರಿನ ಈ ಮನುಷ್ಯ ಮೇಲಿನ ಷಡ್ಜ ಮುಟ್ಟುತ್ತಾನೋ ಇಲ್ಲವೋ ಎಂದು ಸಾವಿರ ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. 1977ರ ‘ಬಬ್ರುವಾಹನ’ ಚಿತ್ರದಲ್ಲಿ ಅರ್ಜುನನೂ ಬಬ್ರುವಾಹನನೂ ಹಾಡಿನಲ್ಲೇ ಜಗಳವಾಡುವ ಸನ್ನಿವೇಶ ಈ ಹಳ್ಳಿಗಳಿಗೆ ಅಷ್ಟು ಆಪ್ತವಾದದ್ದು ಅದು ತಮ್ಮ ರಂಗದ ರೀತಿಯೇ ಆಗಿದ್ದರಿಂದ.

1970ರ ದಶಕದಲ್ಲಿ ಮಂದಿರದ ಹೊರಗಿದ್ದ ತಮಟೆಯ ಕಥೆಯೂ ಹೊರಳಿತು. ದಲಿತ ಸಂಘರ್ಷ ಸಮಿತಿ ಹುಟ್ಟಿಕೊಂಡಿತು. 1975ರಲ್ಲಿ ಕವಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಬಿಟ್ಟಿಗೆ ಬಡಿಯಬೇಕಿದ್ದ ವಾದ್ಯ ಜಾಥಾಗಳ ಮುಂದೆ ಹಕ್ಕಿನ ದನಿಯಾಯಿತು. ಬಿಟ್ಟಿ ಬಡಿಯುವುದಿಲ್ಲ ಎಂದು ತಮಟೆ ಕೆಳಗಿಟ್ಟ ಊರುಗಳಿವೆ, ಕೂಲಿ ಗೊತ್ತುಮಾಡಿ ತಂಡ ಕಟ್ಟಿ ವೇದಿಕೆಗೇರಿದ ತಮಟೆಯವರೂ ಇದ್ದಾರೆ. ಪೌರಾಣಿಕ ನಾಟಕವನ್ನೂ ದಲಿತ ಕೇರಿಗಳ ಯುವಕರು ತಮ್ಮದೇ ಮಂಡಳಿ ಕಟ್ಟಿ ಆಡಿದರು. ಊರಲ್ಲಿ ಕುರ್ಚಿಯ ಮೇಲೆ ಕೂರುವುದೇ ಕಷ್ಟವಾಗಿದ್ದವನು ಸಿಂಹಾಸನದಲ್ಲಿ ಕೂತು ಹಾಡಿದ್ದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಗಳಿಸಿದ ಹಾರ್ಮೋನಿಯಂ ಕೆಲವನ್ನು ನುಂಗಿತು ಎಂಬುದೂ ನಿಜ. ಮೂಡಲಪಾಯದ ಭಾಗವತರನ್ನು ಕೇಳುವವರು ಕಡಿಮೆಯಾದರು, ಮುಖವೀಣೆ ಊದುವವರು ಬೆರಳೆಣಿಕೆಗೆ ಇಳಿದರು. ಜೀಶಂಪ ಎಂದೇ ಹೆಸರಾದ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಹಳ್ಳಿ ಹಳ್ಳಿ ತಿರುಗಿ ಆ ಆಟದ ಉಳಿವಿಗಾಗಿ ದುಡಿದರು. ಇಲ್ಲದಿದ್ದರೆ ಇಂದು ಉಳಿದಿರುವಷ್ಟೂ ಉಳಿಯುತ್ತಿರಲಿಲ್ಲ. ಹಿಟ್ಟಿನ ಗಿರಣಿ ಬಂದು ಬೀಸೋ ಪದ ನಿಂತಿತು, ಅದಕ್ಕೆ ಬದಲಾಗಿ ಇನ್ನೊಂದು ಬರಲಿಲ್ಲ.

ಈಗ ಹಾರ್ಮೋನಿಯಂ ಪಕ್ಕದಲ್ಲಿ ಕ್ಯಾಸಿಯೊ ಕೂತಿದೆ, ತಬಲಾ ಪಕ್ಕದಲ್ಲಿ ರಿದಂ ಪ್ಯಾಡ್. ಬೆಂಗಳೂರಿಗೆ ಕೆಲಸಕ್ಕೆ ಹೋದವರು ಫೋನಿನಲ್ಲಿ ಪಾಠ ಕೇಳಿ, ಶನಿವಾರ ರಾತ್ರಿ ಊರಿಗೆ ಬಂದು ತಾಲೀಮು ಮಾಡುತ್ತಾರೆ. ಹೆಂಗಸರೇ ಗದೆ ಹಿಡಿದು ಭೀಮ, ದುರ್ಯೋಧನರಾಗುವ ತಂಡಗಳು ಬಂದಿವೆ. ಸೋಬಾನೆಯ ಹೊರತು ಬಹಿರಂಗದಲ್ಲಿ ದನಿ ಎತ್ತಲು ಎಡೆಯಿಲ್ಲದಿದ್ದ ಮನೆಗಳಿಂದ ಅವರು ಬಂದಿದ್ದಾರೆ. ಆಡುವ ಆಸೆಗೆ ಈ ಸೀಮೆಯಲ್ಲಿ ಬರವಿಲ್ಲ.

ಬರವಿರುವುದು ಕಲಿಸುವವರಿಗೆ. ಹಳೆಯ ನಾಟಕದ ಪುಸ್ತಕ ತೆರೆದರೆ ಹಾಡಿನ ಮೇಲೆ ಸ್ವರಲಿಪಿ ಇರುವುದಿಲ್ಲ, ಅದಕ್ಕೂ ಹಳೆಯ ಇನ್ನೊಂದು ಹಾಡಿನ ಹೆಸರು ಬರೆದು ‘ಎಂಬ ಮಟ್ಟು’ ಎಂದಷ್ಟೇ ಇರುತ್ತದೆ. ಆ ಹಿಂದಿನ ಹಾಡು ಮರೆತುಹೋಗಿದ್ದರೆ ಪುಸ್ತಕ ಕೈಯಲ್ಲಿದ್ದೂ ಧಾಟಿ ಸಿಗುವುದಿಲ್ಲ. ಅದು ಇರುವುದು ವಯಸ್ಸಾದ ಮೇಷ್ಟ್ರುಗಳ ನೆನಪಿನಲ್ಲಿ, ಅವರು ಕೈಬರಹದಲ್ಲಿ ಗುರುತು ಹಾಕಿಕೊಂಡ ನೋಟ್‌ಬುಕ್ಕುಗಳಲ್ಲಿ. ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ನಾಟಕ ಅಕಾಡೆಮಿ, ಜಾನಪದ ಅಕಾಡೆಮಿಗಳಿವೆ, ಪ್ರತಿ ಹಳ್ಳಿಯಲ್ಲೂ ಒಳ್ಳೆಯ ಫೋನಿರುವ ಹುಡುಗರಿದ್ದಾರೆ. ಮೂರು ತಾಲ್ಲೂಕುಗಳ ಮೇಷ್ಟ್ರುಗಳನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಒಂದೊಂದೇ ಮಟ್ಟನ್ನು ಅವರ ಬಾಯಿಂದಲೇ ಹಾಡಿಸಿ, ನೋಟ್‌ಬುಕ್ಕಿನ ಪುಟ ಪುಟವನ್ನೂ ಚಿತ್ರ ತೆಗೆದಿಡಲು ಒಂದು ಸುಗ್ಗಿಯ ಬಿಡುವು ಸಾಕು. ಮುಂದಿನ ತಾಲೀಮು ಶುರುವಾದಾಗಲೇ ಆ ಕೆಲಸಕ್ಕೂ ಕೈ ಹಾಕಬಹುದು.